ಮಗುವಿನ ಮೂಳೆಗಳ ಮುಂದೆ ಕೂತ ಮೂರು ವಾರ

ರಟ್ಟಿನ ಡಬ್ಬಿಯನ್ನು ಎತ್ತಿಕೊಂಡಾಗ ಒಳಗೆ ಏನೂ ಇಲ್ಲವೇನೋ ಅನ್ನಿಸಿತು. ಅಷ್ಟು ಹಗುರ. ಅಲ್ಲಿಯವರೆಗೆ ನಾನು ಕೈಯಾರೆ ನೋಡಿದ್ದೆಲ್ಲ ದೊಡ್ಡವರ ಅಸ್ಥಿಪಂಜರಗಳು. ಆ ಡಬ್ಬಿಗಳನ್ನು ಎರಡೂ ಕೈಯಲ್ಲಿ ತಬ್ಬಿ ತರಬೇಕು. ಇದನ್ನು ಒಂದೇ ಕೈಯಲ್ಲಿ ತಂದು ಮೇಜಿನ ಮೇಲಿಟ್ಟೆ. ಮುಚ್ಚಳದ ಮೇಲೆ ಸಮಾಧಿಯ ಸಂಖ್ಯೆ, ಪಕ್ಕದಲ್ಲಿ ‘ಮಗು’ ಅಂತ ಒಂದೇ ಪದ.

ಕೆಲವು ಶತಮಾನ ಹಳೆಯ ಸ್ಮಶಾನವೊಂದರಿಂದ ಅಗೆದು ತೆಗೆದ ಅಸ್ಥಿಗಳಲ್ಲಿ ಇದೊಂದು. ನನಗೆ ಒಪ್ಪಿಸಿದ್ದ ಕೆಲಸ ಹೇಳುವುದಕ್ಕೆ ಸುಲಭ. ಸಾಯುವಾಗ ಮಗುವಿಗೆ ಎಷ್ಟು ವಯಸ್ಸಾಗಿತ್ತು, ಮೂಳೆಯ ಮೇಲೆ ಕಾಯಿಲೆಯ ಗುರುತಿದೆಯೇ, ಇದ್ದರೆ ಯಾವ ಕಾಯಿಲೆ, ಅದನ್ನು ಎಷ್ಟು ಧೈರ್ಯವಾಗಿ ಹೇಳಬಹುದು. ಮೂರು ದಿನದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ಮೊದಲ ದಿನವಿಡೀ ಜೋಡಿಸುವುದರಲ್ಲೇ ಹೋಯಿತು. ಹುಟ್ಟಿದ ಮಗುವಿನ ಮೈಯಲ್ಲಿ ಮುನ್ನೂರರ ಆಸುಪಾಸು ಮೂಳೆ ತುಂಡುಗಳಿರುತ್ತವೆ. ಬೆಳೆಯುತ್ತ ಬೆಳೆಯುತ್ತ ಒಂದಕ್ಕೊಂದು ಬೆಸೆದುಕೊಂಡು ದೊಡ್ಡವರಲ್ಲಿ 206 ಆಗುತ್ತವೆ. ಹುಟ್ಟುವಾಗ ಬೆನ್ನೆಲುಬಿನ ಒಂದೊಂದು ಮಣಿಯೂ ಮೂರು ಚೂರು. ತೊಡೆಮೂಳೆಯಲ್ಲಿ ಸೊಂಟದ ಕಡೆಯ ಗುಂಡು ತಲೆಯೂ ಇಲ್ಲ, ಮಂಡಿಯ ಕಡೆಯ ತುದಿಯೂ ಇಲ್ಲ, ನಡುವಿನ ಕಾಂಡ ಮಾತ್ರ. ತುದಿಗಳು ಇನ್ನೂ ಮೃದ್ವಸ್ಥಿಯಾಗಿರುವ ವಯಸ್ಸು ಅದು. ಅದರೊಳಗೆ ಆಗಷ್ಟೇ ಮೂಡಿದ ಮೂಳೆಯ ಕಾಳು ಮಣ್ಣಿನಲ್ಲಿ ಸಣ್ಣ ಕಲ್ಲಿನ ಹಾಗೆಯೇ ಕಾಣುತ್ತದೆ. ಅಗೆಯುವವರು ಕಲ್ಲೆಂದು ಬಿಟ್ಟರೆ ಅದು ಹೋದಂತೆಯೇ. ಈ ಡಬ್ಬಿಯ ಜೊತೆಗೆ ಒಂದು ಚೀಲ ಮಣ್ಣೂ ಬಂದಿತ್ತು. ಅಗೆದವರು ತಲೆ ಮತ್ತು ಎದೆಯ ಸುತ್ತಲಿನ ಮಣ್ಣನ್ನು ಹಾಗೇ ತುಂಬಿ ಕಳಿಸಿದ್ದರು. ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಸಣ್ಣ ಕಣ್ಣಿನ ಜರಡಿಯಲ್ಲಿ ನೀರು ಬಿಟ್ಟು ಆ ಮಣ್ಣು ತೊಳೆದಾಗ ನಾಲ್ಕು ಹಲ್ಲುಗಳು ಸಿಕ್ಕವು. ಬೇರು ಇನ್ನೂ ಮೂಡದ, ಬರೀ ಮೇಲ್ಭಾಗದ ಚಿಪ್ಪಿನಂತಿದ್ದ ಹಲ್ಲುಗಳು.

ವಯಸ್ಸನ್ನು ಹೇಳಿದ್ದು ಆ ಹಲ್ಲುಗಳೇ. ಮಗುವಿನ ಮೊದಲ ಹಾಲು ದವಡೆಹಲ್ಲುಗಳು ಮೇಲೆ ಬಂದಿದ್ದವು, ಕೋರೆಹಲ್ಲುಗಳು ಅರ್ಧ ಹೊರಟಿದ್ದವು, ಎರಡನೆಯ ದವಡೆಹಲ್ಲುಗಳು ಇನ್ನೂ ಮೂಳೆಯೊಳಗೇ ಇದ್ದವು. ಆರು ವರ್ಷದ ಸುಮಾರಿಗೆ ಬರಬೇಕಾದ ಶಾಶ್ವತ ದವಡೆಹಲ್ಲು ಹುಟ್ಟುವ ಹೊತ್ತಿಗೇ ಒಳಗೊಳಗೆ ಕಟ್ಟಿಕೊಳ್ಳಲು ಶುರುವಾಗಿರುತ್ತದೆ. ಅದು ಎಷ್ಟು ಎತ್ತರ ಬೆಳೆದಿದೆ ಎಂದು ನೋಡಿ, ಪಟ್ಟಿಯ ಜೊತೆ ಹೋಲಿಸಿದೆ. ಒಂದೂವರೆ ವರ್ಷ, ಕೆಲವು ತಿಂಗಳು ಆಚೀಚೆ. ಹಲ್ಲಿನ ಲೆಕ್ಕವನ್ನು ನಾನು ನಂಬುವುದಕ್ಕೆ ಕಾರಣವಿದೆ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಚರ್ಚಿನ ನೆಲಮಾಳಿಗೆಯನ್ನು 1984ರಿಂದ 1986ರವರೆಗೆ ತೆರವು ಮಾಡಿದಾಗ, ಶವಪೆಟ್ಟಿಗೆಯ ಫಲಕದ ಮೇಲೆ ಹೆಸರು, ವಯಸ್ಸು ಕೆತ್ತಿದ್ದ ಮಕ್ಕಳೂ ಸಿಕ್ಕರು. ನಿಜವಾದ ವಯಸ್ಸು ಗೊತ್ತಿದ್ದ ಆ ಮಕ್ಕಳಿಂದಾಗಿ ಇಂಥ ಲೆಕ್ಕಗಳನ್ನು ಒರೆಗೆ ಹಚ್ಚಿ ನೋಡಲು ಸಾಧ್ಯವಾಯಿತು.

ಆಮೇಲೆ ಕ್ಯಾಲಿಪರ್ ಹಿಡಿದು ತೊಡೆಮೂಳೆ ಅಳೆದೆ. 128 ಮಿಲಿಮೀಟರ್. ಮತ್ತೆ ಅಳೆದೆ, ಅಷ್ಟೇ. ಅದು ಇನ್ನೂ ವರ್ಷ ತುಂಬದ ಮಗುವಿನ ಉದ್ದ. ಊಟ ಸಾಲದಿದ್ದರೂ, ಕಾಯಿಲೆ ಬಿದ್ದರೂ ಹಲ್ಲು ಹೆಚ್ಚೂಕಡಿಮೆ ತನ್ನ ಪಾಡಿಗೆ ತಾನು ಕಟ್ಟಿಕೊಳ್ಳುತ್ತದೆ. ಮೂಳೆ ಹಾಗಲ್ಲ, ನಿಂತುಬಿಡುತ್ತದೆ. ಅಂದರೆ ಮಗುವಿಗೆ ಒಂದೂವರೆ ವರ್ಷವಾಗಿದ್ದರೂ ಕಾಲು ಬಹುಶಃ ಎಷ್ಟೋ ತಿಂಗಳಿಂದ ಉದ್ದವಾಗಿರಲಿಲ್ಲ. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಬರೆದಿಟ್ಟುಕೊಳ್ಳುವಾಗ ಕೈ ಸ್ವಲ್ಪ ನಿಧಾನವಾಯಿತು.

ಫಾರಂನಲ್ಲಿ ಲಿಂಗ ಎಂಬ ಕಡೆ ‘ನಿರ್ಧರಿಸಲಾಗದು’ ಎಂದು ಬರೆಯಬೇಕು. ಹರೆಯಕ್ಕೆ ಮೊದಲು ಸೊಂಟದ ಮೂಳೆಯಲ್ಲಾಗಲಿ ತಲೆಬುರುಡೆಯಲ್ಲಾಗಲಿ ಗಂಡು, ಹೆಣ್ಣಿನ ವ್ಯತ್ಯಾಸ ನಂಬುವಷ್ಟು ಮೂಡಿರುವುದಿಲ್ಲ. ಕನ್ನಡದಲ್ಲಿ ಮಗು ಎಂದರೆ ‘ಅದು’. ವರದಿಯನ್ನು ಇಂಗ್ಲಿಷಿನಲ್ಲೇ ಬರೆದರೂ ಮನಸ್ಸಿನಲ್ಲಿ ಯೋಚಿಸುವಾಗ ನನಗೆ ಆ ಒಂದು ಪದ ತುಂಬ ಒದಗಿತು. ಯಾವನೋ ಯಾವಳೋ ಎಂದು ಕಲ್ಪಿಸಿಕೊಳ್ಳದೆ ಹತ್ತಿರ ಇಟ್ಟುಕೊಳ್ಳಬಹುದಿತ್ತು.

ನಾಲ್ಕನೆಯ ದಿನ ಕಣ್ಣುಗುಳಿಯ ಒಳಚಾವಣಿ ನೋಡಿದೆ. ಎರಡೂ ಕಡೆ ಸೂಜಿಮೊನೆಯಿಂದ ಚುಚ್ಚಿದಂತೆ ಗುಂಪು ಗುಂಪು ತೂತುಗಳು. ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದ ಚಿತ್ರ. ತಕ್ಷಣ ‘ರಕ್ತಹೀನತೆ’ ಎಂದು ಬರೆದೆ. ಸಂಜೆ ನಮ್ಮ ಮೇಡಂ ಬಂದು ಹಾಳೆ ಓದಿದರು. ಏನೂ ಅನ್ನದೆ ಮೇಜಿನ ದೀಪವನ್ನು ಪಕ್ಕಕ್ಕೆ ತಿರುಗಿಸಿದರು, ಬೆಳಕು ಮೂಳೆಯ ಮೇಲೆ ಅಡ್ಡವಾಗಿ ಬೀಳುವ ಹಾಗೆ. “ಈಗ ಮೈಕ್ರೋಸ್ಕೋಪಿನಲ್ಲಿ ನೋಡಿ. ತೂತು ಒಳಗಿಂದ ಹೊರಕ್ಕೆ ಬಂದಿದೆಯೋ, ಮೇಲೆ ಏನಾದರೂ ಕೂತಿದೆಯೋ?”

ನೋಡಿದೆ. ಮೂಲ ಮೂಳೆ ನುಣುಪಾಗಿ, ಗಟ್ಟಿಯಾಗಿ ಕೆಳಗೇ ಇತ್ತು. ಅದರ ಮೇಲೆ ಬೇರೆ ಬಣ್ಣದ, ಬೂದಿಯಂಥ ತೆಳು ಪದರ. ಬಿಸಿಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಅಂಚಿನಲ್ಲಿ ಕೊನೆಯಾಗಿ, ಒಂದು ಕಡೆ ಚೂರು ಎದ್ದು ಬಂದಿತ್ತು. ನಾನು ಕಂಡ ತೂತುಗಳೆಲ್ಲ ಆ ಪದರದಲ್ಲೇ ಇದ್ದವು. ರಕ್ತಹೀನತೆಯಲ್ಲಿ ಆಗುವುದು ಬೇರೆ. ರಕ್ತ ಸಾಲದೆ ಒಳಗಿನ ಮಜ್ಜೆ ಹಿಗ್ಗುತ್ತದೆ, ಹೊರಗಿನ ಪದರ ಸವೆದು ತೆಳ್ಳಗಾಗುತ್ತದೆ, ತೂತು ಒಳಗಿಂದ ಬರುತ್ತದೆ. ಕಬ್ಬಿಣದ ಕೊರತೆಯೊಂದೇ ಇಷ್ಟು ಮಾಡಬಲ್ಲುದೇ ಎಂಬ ಪ್ರಶ್ನೆಯನ್ನು 2009ರಲ್ಲಿ ಹಳೆಯ ಮೂಳೆಗಳ ಸಂಶೋಧಕ ಫಿಲಿಪ್ ವಾಕರ್ ಮತ್ತು ಸಂಗಡಿಗರು ಎತ್ತಿದ ಮೇಲೆ ಆ ಹೆಸರನ್ನು ಇನ್ನಷ್ಟು ಎಚ್ಚರದಿಂದ ಬಳಸಬೇಕಾಗಿದೆ. ನನ್ನ ಮುಂದಿದ್ದದ್ದು ಮೇಲಿಂದ ಕೂತದ್ದು. ಹಾಗೆ ಕೂರಬೇಕಾದರೆ ಮೂಳೆಗೂ ಅದನ್ನು ಹೊದ್ದ ಪೊರೆಗೂ ನಡುವೆ ರಕ್ತ ಸೋರಿರಬೇಕು. ‘ರಕ್ತಹೀನತೆ’ ಎಂಬುದನ್ನು ಹೊಡೆದುಹಾಕಿದೆ. ಇನ್ನೊಂದು ಹೆಸರು ಬರೆಯಲು ಪೆನ್ನೆತ್ತಿದಾಗ ಮೇಡಂ ತಡೆದರು. “ಈಗಲೇ ಬೇಡ. ಕಂಡದ್ದನ್ನು ಮಾತ್ರ ಬರೆಯಿರಿ. ಎಲ್ಲಿದೆ, ಎಷ್ಟಗಲ, ಎರಡೂ ಕಡೆ ಇದೆಯೋ ಇಲ್ಲವೋ, ಅಂಚು ಹೇಗಿದೆ. ಹೆಸರು ಕೊನೆಗೆ.”

ಆ ಮಾತಿನಿಂದಲೇ ಮುಂದಿನ ಕೆಲಸ ಸರಿದಾರಿಗೆ ಬಂತು. ಹೆಸರು ಮೊದಲು ಬಂದರೆ ಕಣ್ಣು ಅದಕ್ಕೆ ಬೇಕಾದ್ದನ್ನೇ ಹುಡುಕುತ್ತದೆ.

ಮರುದಿನ ಕಪಾಲದ ಪಕ್ಕಕ್ಕೆ ಬಂದೆ. ಕಣ್ಣಿನ ಹಿಂದೆ, ಕೆನ್ನೆಮೂಳೆಯ ಒಳಗಡೆ, ಸ್ಫೀನಾಯ್ಡ್ ಎಂಬ ಮೂಳೆಯ ರೆಕ್ಕೆಯಿದೆ. ಅಗಿಯುವ ಸ್ನಾಯುಗಳಲ್ಲೊಂದು ಅದರ ಮೇಲೆ ಹಾದುಹೋಗುತ್ತದೆ. ಈ ಮಗುವಿನ ಎರಡೂ ರೆಕ್ಕೆಗಳಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಅಗಲದ ತೂತುಗಳು, ಎಡಕ್ಕೂ ಬಲಕ್ಕೂ ಒಂದೇ ಸಮ. 1997ರಲ್ಲಿ ಸಂಶೋಧಕರಾದ ಡೊನಾಲ್ಡ್ ಆರ್ಟ್ನರ್ ಮತ್ತು ಮೇರಿ ಎರಿಕ್ಸನ್ ಈ ಜಾಗಕ್ಕೆ ಬೊಟ್ಟು ಮಾಡಿ ತೋರಿಸಿದರು. ವಿಟಮಿನ್ ಸಿ ಇಲ್ಲದೆ ದೇಹ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ಕಟ್ಟಲಾರದು. ಕೊಲಾಜೆನ್ ಇಲ್ಲದ ರಕ್ತನಾಳ ನೆನೆದ ಕಾಗದದಂತೆ, ಸ್ವಲ್ಪ ಎಳೆದರೂ ಹರಿಯುತ್ತದೆ. ಮಗು ಅಗಿದಾಗಲೆಲ್ಲ, ಹಾಲು ಚೀಪಿದಾಗಲೆಲ್ಲ ಆ ಸ್ನಾಯು ಎಳೆಯುತ್ತದೆ, ಅದರಡಿಯ ನಾಳಗಳಿಂದ ರಕ್ತ ಜಿನುಗುತ್ತದೆ. ಸೋರಿದ ರಕ್ತವನ್ನು ಹೀರಿ ಸರಿಪಡಿಸಲು ದೇಹ ಹೊಸ ನಾಳಗಳನ್ನು ಕಳಿಸುತ್ತದೆ. ಆ ನಾಳಗಳು ಹಾದ ದಾರಿಯೇ ಈ ತೂತುಗಳು. ಅಂಗುಳಿನಲ್ಲೂ, ಭುಜದ ಹಲಗೆಮೂಳೆಯ ಮೇಲ್ಭಾಗದ ಗುಳಿಯಲ್ಲೂ ಇಂಥವೇ ಸಿಕ್ಕವು. ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ಕಾಯಿಲೆ, ಎಂಬ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.

ನನ್ನನ್ನು ಅತಿಯಾಗಿ ಕಾಡಿದ್ದು ಮಂಡಿಯ ಕೆಳಗಿನ ಮೂಳೆ. ಅದರ ಮೇಲೂ ಅಂಥದೇ ಬೂದು ಪದರವಿತ್ತು. ಸಾಲಿಗೆ ಇನ್ನೊಂದು ಸಾಕ್ಷಿ ಸಿಕ್ಕಿತೆಂದು ಬರೆದುಬಿಡಬಹುದಿತ್ತು. ಆದರೆ ಮಗುವಿನ ಮೂಳೆ ದಪ್ಪವಾಗುವುದೇ ಹೀಗೆ. ಹೊರಗಿಂದ ಹೊಸ ಮೂಳೆಯ ಪದರ ಕೂರುತ್ತ ಹೋಗುತ್ತದೆ. ಅವಸರದಲ್ಲಿ ಹೆಣೆದ ಆ ಹೊಸ ಮೂಳೆ ಒರಟಾಗಿ, ತೂತು ತೂತಾಗಿ ಇರುತ್ತದೆ. ಆಮೇಲೆ ನಿಧಾನಕ್ಕೆ ಗಟ್ಟಿಗೊಂಡು ನುಣುಪಾಗುತ್ತದೆ. ಎಳೆಗೂಸಿನಲ್ಲಂತೂ ಇದು ದಿನನಿತ್ಯದ ವ್ಯವಹಾರ. ಸೋಂಕು ತಗುಲಿದಾಗಲೂ, ಪೆಟ್ಟು ಬಿದ್ದಾಗಲೂ, ರಕ್ತ ಸೋರಿದಾಗಲೂ, ಚೆನ್ನಾಗಿ ಬೆಳೆಯುತ್ತಿರುವಾಗಲೂ ಮಗುವಿನ ಮೂಳೆ ಕೊಡುವ ಉತ್ತರ ಹೆಚ್ಚುಕಡಿಮೆ ಒಂದೇ. ದೊಡ್ಡವರ ಮೂಳೆಯಲ್ಲಿ ಇಂಥ ಪದರ ಕಂಡರೆ ಏನೋ ಆಗಿದೆ ಎಂದು ತಿಳಿಯಬಹುದು. ಮಗುವಿನಲ್ಲಿ ಕಂಡರೆ ಅದು ಬರೀ ಬೆಳವಣಿಗೆಯೂ ಆಗಿರಬಹುದು. ನಾಲ್ಕು ದಿನ ಆ ಎರಡು ಮೂಳೆಗಳ ಮೇಲೇ ಕಳೆದೆ. ಸುತ್ತಲೂ ಸಮನಾಗಿದೆಯೇ, ತುದಿಯಲ್ಲಿ ಹೆಚ್ಚಿದೆಯೇ, ಒಡೆದ ಅಂಚಿನಲ್ಲಿ ನೋಡಿದರೆ ಎಷ್ಟು ಪದರ, ಹಳೆಯ ಮೂಳೆಗೂ ಹೊಸದಕ್ಕೂ ನಡುವೆ ಸಂದಿಯಿದೆಯೇ. ಕೊನೆಗೆ ನಾನು ಬರೆದದ್ದು: ‘ಬೆಳವಣಿಗೆಯಿಂದ ಬೇರ್ಪಡಿಸಿ ಹೇಳಲು ಆಗದು; ರೋಗನಿರ್ಣಯಕ್ಕೆ ಬಳಸಿಲ್ಲ.’ ಆ ಸಾಲಿಗೆ ನಾಲ್ಕು ದಿನ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಇಂಥ ಪದರಗಳನ್ನೆಲ್ಲ ಕಾಯಿಲೆಯ ಲೆಕ್ಕಕ್ಕೆ ಸೇರಿಸಿದರೆ ಯಾವ ಸ್ಮಶಾನದ ಮಕ್ಕಳನ್ನಾದರೂ ರೋಗಿಗಳೆಂದು ತೋರಿಸಿಬಿಡಬಹುದು.

ಆ ದಿನಗಳಲ್ಲೇ ಇನ್ನೊಂದು ವಿಷಯ ತಲೆಗೆ ಹೊಕ್ಕಿತು. ಅದನ್ನು ಓದಿ ತಿಳಿದಿದ್ದೆ, ಆದರೆ ಕೈಯಲ್ಲಿ ಮೂಳೆ ಹಿಡಿದಾಗ ಅದರ ಭಾರ ಬೇರೆ. ವಿಟಮಿನ್ ಸಿ ಪೂರ್ತಿ ಇಲ್ಲದಾಗ ಹೊಸ ಮೂಳೆಯೂ ಹುಟ್ಟಲಾರದು. ಮೂಳೆಯ ಹಂದರವೂ ಕೊಲಾಜೆನ್ನಿನದೇ. ರಕ್ತ ಸೋರಿದ ಜಾಗದಲ್ಲಿ ಹೀಗೆ ಪದರ ಕಟ್ಟಬೇಕಾದರೆ ಮಗುವಿನ ಹೊಟ್ಟೆಗೆ ಮತ್ತೆ ಒಂದಿಷ್ಟಾದರೂ ವಿಟಮಿನ್ ಸಿ ಹೋಗಿರಬೇಕು. ನಾನು ಕಾಯಿಲೆಯ ಗುರುತೆಂದು ಅಳೆಯುತ್ತಿದ್ದದ್ದು ಮಗು ಚೇತರಿಸಿಕೊಳ್ಳುತ್ತಿದ್ದ ಗುರುತು. ಹೊಸ ಎಲೆಯೋ ಹಣ್ಣೋ, ಕಾಯಿಸದ ಹಾಲೋ, ಚೆನ್ನಾಗಿ ಉಂಡ ತಾಯಿಯ ಎದೆಹಾಲೋ, ಯಾವುದೋ ಒಂದು ಅದಕ್ಕೆ ಸಿಕ್ಕಿತ್ತು. ಸ್ವಲ್ಪ ದಿನ ಸಿಕ್ಕಿತ್ತು. ಯಾರೋ ಉಣಿಸಿದ್ದರು. ಆಮೇಲೆ ಅದು ಬೇರೇನರಿಂದಲೋ ಸತ್ತಿತು. ಯಾವುದರಿಂದ ಎಂಬುದನ್ನು ಈ ಮೂಳೆಗಳು ಹೇಳುವುದಿಲ್ಲ.

ಸ್ಕರ್ವಿ ಎಂದರೆ ಹಡಗಿನ ನಾವಿಕರ ಕಾಯಿಲೆ ಎಂದೇ ನಾವೆಲ್ಲ ಶಾಲೆಯಲ್ಲಿ ಓದಿದ್ದು. ಮಕ್ಕಳಿಗೂ ಅದು ಬರುತ್ತದೆಂದು ವೈದ್ಯರೇ ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ಕಾಲು ಮುಟ್ಟಿದರೆ ಚೀರುವ, ಮೂಳೆ ಊದಿಕೊಂಡ ಮಕ್ಕಳಿಗೆ ‘ತೀವ್ರ ರಿಕೆಟ್ಸ್’ ಎಂದು ಹೆಸರಿಟ್ಟಿದ್ದರು; ರಿಕೆಟ್ಸ್ ಎಂದರೆ ಮೂಳೆ ಮೆತ್ತಗಾಗುವ ಕಾಯಿಲೆ. 1883ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಬಾರ್ಲೊ, ಇಲ್ಲಿ ಮುಖ್ಯವಾದದ್ದು ಸ್ಕರ್ವಿ, ರಿಕೆಟ್ಸ್ ಇದ್ದರೂ ಇರಬಹುದು ಇಲ್ಲದೆಯೂ ಇರಬಹುದು ಎಂದು ತೋರಿಸಿದ. ಸತ್ತ ಮಕ್ಕಳ ಮೂಳೆಯ ಪೊರೆಯಡಿಯಲ್ಲಿ ರಕ್ತ ಮಡುಗಟ್ಟಿದ್ದನ್ನು ಅವನು ವಿವರಿಸಿದ್ದಾನೆ. ಆ ವಿವರಣೆ ಓದುವಾಗ ನನ್ನ ಮೇಜಿನ ಮೇಲಿದ್ದ ಬೂದು ಪದರ ಮೊದಲು ಹೇಗಿತ್ತೆಂದು ಕಣ್ಣಿಗೆ ಕಟ್ಟಿದಂತಾಯಿತು. ಐರ್ಲೆಂಡಿನ ಕಿಲ್ಕೆನ್ನಿಯಲ್ಲಿ 2005ರಲ್ಲಿ ಬಡವರ ಆಶ್ರಯಗೃಹದ ಸಾಮೂಹಿಕ ಸಮಾಧಿಗಳು ಪತ್ತೆಯಾದವು. 1847ರಿಂದ 1851ರ ನಡುವೆ, ಮಹಾಕ್ಷಾಮದಲ್ಲಿ ಸತ್ತ ಕನಿಷ್ಠ 970 ಜನ, ಅರ್ಧಕ್ಕಿಂತ ಹೆಚ್ಚು ಮಕ್ಕಳು. ಅವರ ಮೂಳೆಗಳಲ್ಲಿ ಸ್ಕರ್ವಿ ಎದ್ದು ಕಂಡಿತು. ಬಡವರಿಗೆ ವಿಟಮಿನ್ ಸಿ ಕೊಡುತ್ತಿದ್ದದ್ದು ಹೆಚ್ಚುಕಡಿಮೆ ಆಲೂಗಡ್ಡೆಯೊಂದೇ. ಬೆಳೆಗೆ ರೋಗ ತಗುಲಿ ಆಲೂಗಡ್ಡೆ ಹೋಯಿತು, ಅದರ ಜಾಗಕ್ಕೆ ಬಂದ ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊಟ್ಟೆ ತುಂಬುತ್ತಿತ್ತೇ ಹೊರತು ವಿಟಮಿನ್ ಸಿ ಇರಲಿಲ್ಲ. ನನ್ನ ಮಗುವಿನ ವಯಸ್ಸೂ ಇಂಥದೇ ಅಪಾಯದ ವಯಸ್ಸು. ಎದೆಹಾಲು ಬಿಡಿಸಿ, ಬೇಯಿಸಿದ ಧಾನ್ಯದ ಗಂಜಿ, ಕಾಯಿಸಿದ ಪ್ರಾಣಿಯ ಹಾಲಿನ ಮೇಲೆ ನಿಲ್ಲಿಸುವ ಹೊತ್ತು ಅದು.

ಬಾರ್ಲೊನ ಮಾತಿನಿಂದ ರಿಕೆಟ್ಸ್ ಕಡೆಗೂ ತಿರುಗಿ ನೋಡಿದೆ. ಬಿಸಿಲು ಬೀಳದೆ ವಿಟಮಿನ್ ಡಿ ಕೊರತೆಯಾದರೆ ಮೂಳೆಯ ಹಂದರ ಕಟ್ಟಿಕೊಂಡರೂ ಸುಣ್ಣ ಹಿಡಿಯುವುದಿಲ್ಲ. ಮೆತ್ತಗಾದ ಮೂಳೆ ಅಂಬೆಗಾಲಿಡುವಾಗ ಕೈಯಲ್ಲೂ, ನಡೆಯುವಾಗ ಕಾಲಲ್ಲೂ ಬಾಗುತ್ತದೆ. ಈ ಮಗುವಿನ ಕೆಲವು ಪಕ್ಕೆಲುಬುಗಳ ಮುಂತುದಿ ಬಟ್ಟಲಿನಂತೆ ಅಗಲವಾಗಿತ್ತು. ಎಡ ಮುಂಗೈಯ ಮೂಳೆಯೊಂದು ಬಾಗಿಯೂ ಇತ್ತು. ಆದರೆ ಬಲಗಡೆಯದು ನೆಟ್ಟಗಿತ್ತು. ಬಾಗಿದ ಮೂಳೆಯ ಒಳಬದಿಯಲ್ಲಿ ಉದ್ದಕ್ಕೆ ಒಂದು ಬಿರುಕೂ ಇತ್ತು. ಒದ್ದೆ ಮಣ್ಣಿನ ಭಾರಕ್ಕೆ ಎಳೆಯ ಮೂಳೆ ಸತ್ತ ಮೇಲೂ ಬಾಗುತ್ತದೆ. ಅದನ್ನು ಪಟ್ಟಿಯಿಂದ ತೆಗೆದೆ, ಪಕ್ಕೆಲುಬುಗಳನ್ನು ಉಳಿಸಿಕೊಂಡೆ. ಎರಡು ಕೊರತೆಯೂ ಒಟ್ಟಿಗಿದ್ದರೆ ಇನ್ನೂ ಕಷ್ಟ. ಸ್ಕರ್ವಿಯಲ್ಲಿ ಹಂದರವೇ ಕಟ್ಟುವುದಿಲ್ಲ, ಸುಣ್ಣ ಹಿಡಿಯದ ಹಂದರ ಕಾಣುವುದೆಲ್ಲಿಂದ? ಒಂದು ಕಾಯಿಲೆ ಇನ್ನೊಂದನ್ನು ಮುಚ್ಚಿಡುತ್ತದೆ.

ಎಕ್ಸ್-ರೇ ದಿನ ಒಂದು ತಪ್ಪು ಮಾಡಲಿದ್ದೆ. ಮಂಡಿಯ ಕಡೆಯ ತುದಿಯಲ್ಲಿ ಅಡ್ಡಕ್ಕೆ ಒಂದು ದಟ್ಟ ಬಿಳಿ ಗೆರೆ ಕಂಡಿತು. ಸ್ಕರ್ವಿಯಿರುವ ಮಕ್ಕಳ ಎಕ್ಸ್-ರೇಯಲ್ಲಿ ವೈದ್ಯರು ಹುಡುಕುವ ಗೆರೆಗಳಲ್ಲಿ ಇಂಥದೂ ಒಂದು. ಅಷ್ಟು ದಿನ ಹಿಡಿದುಕೊಂಡಿದ್ದ ಹೆಸರು ಬಾಯಿಂದ ಹೊರಬಂದೇ ಬಿಟ್ಟಿತು. ಎಕ್ಸ್-ರೇ ತೆಗೆಯುತ್ತಿದ್ದವರು ಮೂಳೆಯನ್ನು ಕಾಲುಭಾಗ ತಿರುಗಿಸಿ ಇನ್ನೊಂದು ಚಿತ್ರ ತೆಗೆದರು. ಗೆರೆ ಚದುರಿ ಚುಕ್ಕೆ ಚುಕ್ಕೆಯಾಯಿತು. ತೂತುಗಳ ಮೂಲಕ ಒಳಗಿಳಿದು ಗಟ್ಟಿಯಾದ ಮಣ್ಣು ಅದು. ಮಣ್ಣಿನಡಿ ಶತಮಾನ ಕಳೆದ ಮೂಳೆಯ ಎಕ್ಸ್-ರೇಯನ್ನು ಆಸ್ಪತ್ರೆಯ ಎಕ್ಸ್-ರೇಯ ಹಾಗೆ ಓದಬಾರದೆಂದು ಅಂದಿನಿಂದ ಒಂದೇ ಕೋನದ ಚಿತ್ರವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಉಳಿದ ಹೆಸರುಗಳನ್ನು ಒಂದೊಂದಾಗಿ ಎದುರಿಗಿಟ್ಟು ನೋಡಿದೆ. ಕ್ಷಯ ಮೂಳೆಯನ್ನು ತಿನ್ನುತ್ತದೆ, ಇಲ್ಲಿ ಎಲ್ಲೂ ತಿಂದಿರಲಿಲ್ಲ. ಹುಟ್ಟಿನಿಂದ ಬಂದ ಸಿಫಿಲಿಸ್ ಇದ್ದಿದ್ದರೆ ಒಳಗೆ ಕಟ್ಟುತ್ತಿದ್ದ ಶಾಶ್ವತ ದವಡೆಹಲ್ಲಿನ ಮೇಲ್ಮೈ ಗಂಟುಗಂಟಾಗಿರುವ ಸಾಧ್ಯತೆಯಿತ್ತು, ಅದು ಸೊಗಸಾಗಿತ್ತು. ರಕ್ತದ ಕ್ಯಾನ್ಸರನ್ನು ಪೂರ್ತಿ ಅಲ್ಲಗಳೆಯಲು ಆಗಲಿಲ್ಲ, ಆದರೆ ಎರಡೂ ಕಡೆ ಸಮನಾಗಿ, ಸ್ನಾಯು ಎಳೆಯುವ ಜಾಗಗಳಲ್ಲೇ ತೂತು ಬೀಳುವುದನ್ನು ಅದು ಸರಿಯಾಗಿ ವಿವರಿಸುವುದಿಲ್ಲ.

ಹಲ್ಲಿನ ಒಂದು ಚೂರು ಕತ್ತರಿಸಿ ಅದರ ಸಾರಜನಕದ ಐಸೊಟೋಪುಗಳನ್ನು, ಅಂದರೆ ಬೇರೆ ಬೇರೆ ತೂಕದ ಸಾರಜನಕದ ಪರಮಾಣುಗಳನ್ನು, ಅಳೆದಿದ್ದರೆ ಎದೆಹಾಲು ಯಾವಾಗ ಕಡಿಮೆಯಾಯಿತೆಂಬ ಸುಳಿವು ಸಿಗುತ್ತಿತ್ತು. ಬೇಡ ಎಂದು ಒಟ್ಟಿಗೆ ತೀರ್ಮಾನಿಸಿದೆವು. ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ಇಡೀ ಸ್ಮಶಾನದ ಮಕ್ಕಳ ಬಗ್ಗೆ ಕೇಳಲು ಒಂದು ಗಟ್ಟಿ ಪ್ರಶ್ನೆ ಸಿದ್ಧವಾಗುವವರೆಗೆ ಒಂದೇ ಮಗುವಿನ ಹಲ್ಲಿಗೆ ಗರಗಸ ಹಾಕುವುದು ನನಗೆ ಸರಿ ಕಾಣಲಿಲ್ಲ. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ವರದಿಯಲ್ಲಿ ಹೀಗೆ ಬರೆದೆವು: ಸ್ಕರ್ವಿ, ಗುಣವಾಗುತ್ತಿದ್ದ ಹಂತದಲ್ಲಿ, ಬಹುಮಟ್ಟಿಗೆ ಸಂಭವ. ರಿಕೆಟ್ಸ್, ಇದ್ದಿರಬಹುದು. ಬೆಳವಣಿಗೆ ಕುಂಠಿತ. ಸಾವಿನ ಕಾರಣ ತಿಳಿಯದು. ‘ಖಚಿತ’ ಎಂಬ ಪದಕ್ಕಾಗಿ ನಾನು ಸ್ವಲ್ಪ ವಾದ ಮಾಡಿದೆ. ಮೇಡಂ ಒಪ್ಪಲಿಲ್ಲ, ಅವರದೇ ಸರಿ. ಮುಂದೆ ಯಾರೋ ಈ ಸಾಲನ್ನು ಎಣಿಕೆಗೆ ಸೇರಿಸುತ್ತಾರೆ. ಅವರಿಗೆ ನಮ್ಮ ಮೇಜು ಕಾಣುವುದಿಲ್ಲ, ಪದ ಮಾತ್ರ ಕಾಣುತ್ತದೆ.

ಮೂಳೆಗಳನ್ನು ಮತ್ತೆ ಚೀಲಗಳಿಗೆ ತುಂಬಿ, ಜರಡಿಯಲ್ಲಿ ಸಿಕ್ಕ ನಾಲ್ಕು ಹಲ್ಲುಗಳಿಗೆ ಹತ್ತಿ ಇಟ್ಟು ಬೇರೆ ಡಬ್ಬಿ ಮಾಡಿ, ಕಪಾಟಿಗೆ ಏರಿಸಿದೆ. ಅದರ ಪಕ್ಕದ ಡಬ್ಬಿಯಲ್ಲಿದ್ದದ್ದೂ ಮಗುವೇ. ಹಲ್ಲಿನ ಪ್ರಕಾರ ಹೆಚ್ಚುಕಡಿಮೆ ಅದೇ ವಯಸ್ಸು. ಎರಡು ದಿನ ನೋಡಿದೆ. ಕಣ್ಣುಗುಳಿ ನುಣುಪು, ಸ್ಫೀನಾಯ್ಡ್ ನುಣುಪು, ತೊಡೆಮೂಳೆ ವಯಸ್ಸಿಗೆ ತಕ್ಕ ಉದ್ದ. ಒಂದು ಗುರುತೂ ಇಲ್ಲ. ಸ್ಕರ್ವಿ ಮೂಳೆಯವರೆಗೆ ಬರಲು ತಿಂಗಳುಗಳು ಬೇಕು. ಕಾಲರಾಕ್ಕೆ ಒಂದೆರಡು ದಿನ ಸಾಕು, ದಡಾರಕ್ಕೆ ಒಂದೆರಡು ವಾರ. ಮೂಳೆಗೆ ಉತ್ತರ ಕೊಡಲು ಪುರುಸೊತ್ತೇ ಸಿಗುವುದಿಲ್ಲ. ಗುರುತಿರುವ ಮೂಳೆ ಕಾಯಿಲೆಯನ್ನು ಅಷ್ಟು ದಿನ ತಡೆದುಕೊಂಡವರದು, ಗುರುತಿಲ್ಲದ್ದು ತಡೆಯಲಾಗದೆ ಹೋದವರದೂ ಆಗಿರಬಹುದು ಎಂದು 1992ರಲ್ಲಿ ಜೇಮ್ಸ್ ವುಡ್ ಮತ್ತು ಸಂಗಡಿಗರು ಬರೆದದ್ದನ್ನು ಈ ಕೆಲಸ ಕಲಿಯುವವರೆಲ್ಲ ಓದುತ್ತಾರೆ. ಫಾರಂನಲ್ಲಿ ನಾನು ಮೊದಲು ‘ಆರೋಗ್ಯವಂತ ಮಗು’ ಎಂದು ಬರೆದಿದ್ದೆ. ಅದನ್ನು ಹೊಡೆದು, ಮೇಲೆ ಸಣ್ಣದಾಗಿ ಬರೆದೆ: ‘ಮೂಳೆಯಲ್ಲಿ ಕಾಯಿಲೆಯ ಗುರುತು ಕಾಣುವುದಿಲ್ಲ.’